ಹದಿನೇಳನೇ ಮನೆಯ ತುಳಸಿ

ಆಫೀಸಿನ ಕಂಪ್ಯೂಟರಿನಲ್ಲಿ ಅರವತ್ತೊಂದು ಸಾವಿರ ಫೋಟೋಗಳಿದ್ದವು. ಒಂದರಲ್ಲೂ ಮನುಷ್ಯರ ಮುಖವಿರಲಿಲ್ಲ. ಗಿಡ, ಬಳ್ಳಿ, ಕುಂಡ, ಹುಲ್ಲುಹಾಸು, ನಡುನಡುವೆ ಎಲೆಯೊಂದನ್ನು ಹಿಡಿದ ಬೆರಳುಗಳು, ಅಷ್ಟೇ.

ಅದು ದೇವನಹಳ್ಳಿಯಿಂದ ಸೂಲಿಬೆಲೆ ಕಡೆಗೆ ಹೋಗುವ ರಸ್ತೆಯ ಪಕ್ಕದ ಬಡಾವಣೆ. ನಲವತ್ತೆರಡು ವಿಲ್ಲಾಗಳು. ಕೊಂಡವರಲ್ಲಿ ಅರ್ಧಕ್ಕರ್ಧ ಜನ ಹೊರದೇಶದಲ್ಲಿದ್ದರು. ಮನೆಗೆ ಬೀಗ, ತೋಟಕ್ಕೆ ನಾವು. ತೋಟಗಳ ಕಾಂಟ್ರಾಕ್ಟು ಉಮಾಶಂಕರ್ ಅವರದ್ದು. ಅವರ ಕೈಕೆಳಗೆ ಏಳು ಜನ ಕೆಲಸದವರು: ಐವರು ಗಂಡಸರು, ಮುದುಕಿ ಪಿಳ್ಳಮ್ಮ, ಮತ್ತೆ ನಲ್ಲೂರಿನಿಂದ ಬರುತ್ತಿದ್ದ ಪವಿತ್ರ. ಎಂಟನೆಯವಳು ನಾನು. ಕ್ಲಬ್‌ಹೌಸಿನ ಹಿಂದಿನ ತಗಡಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು.

ಬೆಳಿಗ್ಗೆ ಹತ್ತರೊಳಗೆ ಕೆಲಸದವರು ತಮ್ಮ ಪಾಲಿನ ಮನೆಗಳ ಒಂದೊಂದು ಮುಖ್ಯ ಗಿಡದ ಫೋಟೋವನ್ನೂ ಆಫೀಸಿನ ವಾಟ್ಸಾಪಿಗೆ ಕಳಿಸಬೇಕು. ದೂರದಿಂದ ತೆಗೆದರೆ ಆಗುವುದಿಲ್ಲ. ಬಿಳಿ ಹುಳ ಎಲೆಯ ಅಡಿಯಲ್ಲಿ ಕೂರುವುದರಿಂದ, ಎಲೆಯನ್ನು ಕೈಯಲ್ಲಿ ಹಿಡಿದು ಮಗುಚಿ ಹಿಂಬದಿ ಕಾಣುವಂತೆ ತೆಗೆಯಬೇಕು. ಗಿಡ ಚೆನ್ನಾಗಿದೆ ಎನ್ನುವುದಕ್ಕೂ ಕೆಲಸಕ್ಕೆ ಬಂದಿದ್ದರು ಎನ್ನುವುದಕ್ಕೂ ಅದೇ ಸಾಕ್ಷಿ. ಫೋನ್ ತುಂಬಿಹೋಗುತ್ತದೆ ಎಂದು ಅವರೆಲ್ಲ ಗೊಣಗಿದ್ದಕ್ಕೆ, ಕಳಿಸಿದ ಫೋಟೋ ಮರುದಿನ ತಾನಾಗಿಯೇ ಅಳಿಸಿಹೋಗುವಂತೆ ಅವರವರ ಫೋನಿನಲ್ಲಿ ನಾನೇ ಸರಿಮಾಡಿ ಕೊಟ್ಟಿದ್ದೆ. ಅಷ್ಟರೊಳಗೆ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ನನ್ನ ಕೆಲಸ.

ಮೊದಲೆಲ್ಲ ದಿನಕ್ಕೊಂದು ಫೋಲ್ಡರ್ ಮಾಡಿ ತುಂಬುತ್ತಿದ್ದೆ. ನವೆಂಬರಿನಲ್ಲಿ ನಿವಾಸಿಗಳ ಸಂಘದವರು ತಕರಾರು ತೆಗೆದರು. ಮುಂದಿನ ವರ್ಷದ ಕಾಂಟ್ರಾಕ್ಟ್ ಕೊಡಬೇಕಾದರೆ ಒಂದೊಂದು ಗಿಡವೂ ವರ್ಷವಿಡೀ ಹೇಗಿತ್ತು ಎಂದು ತೋರಿಸಬೇಕಂತೆ. ಉಮಾಶಂಕರ್ ತಲೆ ಹಿಡಿದುಕೊಂಡು ಕೂತರು.

"ಸಾರ್, ಮನೆ ಪ್ರಕಾರ, ಗಿಡದ ಪ್ರಕಾರ ಬೇರೆ ಮಾಡ್ತೀನಿ" ಎಂದೆ. "ಹದಿನೇಳನೇ ಮನೆ, ತುಳಸಿ ಅಂತ ಒತ್ತಿದ್ರೆ ಜನವರಿಯಿಂದ ಇವತ್ತಿನವರೆಗೂ ಸಾಲಾಗಿ ಬರಬೇಕು."

"ಆಗುತ್ತೇನಮ್ಮ ನಿನ್ ಕೈಲಿ?"

"ಮಾಡಿ ತೋರಿಸ್ತೀನಿ."

ಹನ್ನೆರಡು ದಿನ ಹಿಡಿಯಿತು. ನನ್ನ ಗಂಡ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಾನೆ, ಅವನ ಪಾಳಿಗೆ ಹೊತ್ತುಗೊತ್ತಿಲ್ಲ. ಎರಡನೇ ಕ್ಲಾಸಿನ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದು, ಮಧ್ಯಾಹ್ನದ ಊಟವನ್ನು ಮೌಸ್ ಹಿಡಿದುಕೊಂಡೇ ಮುಗಿಸುತ್ತಿದ್ದೆ. ಆದರೂ ಖುಷಿಯಾಗುತ್ತಿತ್ತು. ಇಪ್ಪತ್ತನೇ ಮನೆಯ ಚಕ್ಕೋತ ಗಿಡ ಮೊಣಕಾಲೆತ್ತರದಿಂದ ಎದೆಯೆತ್ತರಕ್ಕೆ ಬೆಳೆದದ್ದು ಒಂದೇ ನಿಮಿಷದಲ್ಲಿ ಕಣ್ಣೆದುರು ಓಡಿತು. ಒಂಬತ್ತನೇ ಮನೆಯ ದಾಸವಾಳ ಸತ್ತದ್ದೂ, ಅದೇ ಜಾಗದಲ್ಲಿ ಆ ತೋಟ ನೋಡುವ ಕೊಂಡಪ್ಪ ಯಾರಿಗೂ ಹೇಳದೆ ಬೇರೆ ಗಿಡ ನೆಟ್ಟದ್ದೂ ಕಂಡಿತು. ಅದನ್ನು ಕಂಡು ಒಬ್ಬಳೇ ನಕ್ಕೆ.

ಹದಿನೇಳನೇ ಮನೆ ಜೂನಿನಿಂದ ಪವಿತ್ರಳ ಪಾಲಿನದು. ಕೊನೆಯ ಸಾಲಿನ ಮೂಲೆ ಮನೆ. ಅಂಗಳದಲ್ಲಿ ತುಳಸಿ, ಗೋಡೆಗೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿ. ಅವನ್ನು ಸಾಲಾಗಿ ಜೋಡಿಸುವಾಗ ಗಮನಕ್ಕೆ ಬಂತು. ತಿಂಗಳಲ್ಲಿ ನಾಲ್ಕು ದಿನ ತುಳಸಿಯದೂ ಬಳ್ಳಿಯದೂ ಅದೇ ಹಳೆಯ ಫೋಟೋ. ಅದೇ ಎಲೆ, ಅದೇ ಬೆರಳು, ಗೋಡೆಯ ಮೇಲೆ ಅದೇ ಬಿಸಿಲಿನ ಪಟ್ಟಿ. ಆ ನಾಲ್ಕು ದಿನವೂ ಅದೇ ಮನೆಯ ಮಲ್ಲಿಗೆ, ನಿಂಬೆ, ಕ್ರೋಟನ್ ಎಲ್ಲದರದೂ ಹೊಸ ಫೋಟೋ.

ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ನಾನೂ ಹೆಂಗಸೇ. ಮುಟ್ಟಾದಾಗ ತುಳಸಿಯನ್ನೂ ಎಲೆಬಳ್ಳಿಯನ್ನೂ ಮುಟ್ಟಬಾರದು, ಮುಟ್ಟಿದರೆ ಗಿಡ ಕಮರುತ್ತದೆ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ನಾನು ಬಿಟ್ಟಿದ್ದೇನೆ. ಪವಿತ್ರ ಬಿಟ್ಟಿಲ್ಲ. ಪಿಳ್ಳಮ್ಮನಿಗೆ ಹೇಳಿ ಮಾಡಿಸಬಹುದಿತ್ತು, ಆದರೆ ಒಬ್ಬರ ಪಾಲಿನ ಮನೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ ಎನ್ನುವುದು ಇಲ್ಲಿಯ ಕಟ್ಟಪ್ಪಣೆ. ಅದಕ್ಕೇ ಅವಳು ಚೆನ್ನಾಗಿ ಬಂದ ಒಂದೊಂದು ಫೋಟೋವನ್ನು ಫೋನಿನಲ್ಲಿ ಉಳಿಸಿಕೊಂಡು ಆ ದಿನಗಳಲ್ಲಿ ಅದನ್ನೇ ಕಳಿಸುತ್ತಿದ್ದಳು. ಇರಲಿ ಬಿಡು ಎಂದುಕೊಂಡು ಮುಂದಿನ ಗಿಡಕ್ಕೆ ಹೋದೆ.

ಉಮಾಶಂಕರ್ ಬಿಡಲಿಲ್ಲ. ಅವರ ಭಾವಮೈದುನ ಯಾವುದೋ ಪ್ರೋಗ್ರಾಮು ಹಾಕಿಕೊಟ್ಟಿದ್ದ. ಒಂದೇ ಫೋಟೋ ಎರಡು ಕಡೆ ಇದ್ದರೆ ಅದರ ಸುತ್ತ ಕೆಂಪು ಗೆರೆ ಬೀಳುತ್ತಿತ್ತು. ಅವತ್ತು ನವೆಂಬರ್ ಇಪ್ಪತ್ತು. ನನ್ನ ಕುರ್ಚಿಯ ಹಿಂದೆ ನಿಂತು ಒಂದೊಂದೇ ಮನೆ ನೋಡುತ್ತಾ ಬಂದವರು ಹದಿನೇಳಕ್ಕೆ ನಿಂತರು.

"ಇದೇನಮ್ಮ, ಮದುವೆ ಮನೆ ಸೀರಿಯಲ್ ಸೆಟ್ಟು ಲೈಟು ಥರ ಕೆಂಪಗೆ?"

ಅವರು ಬಗ್ಗಿ ತಾರೀಕುಗಳನ್ನು ನೋಡಿದರು.

"ಜೂನಿಂದ ಟೋಪಿ ಹಾಕ್ತಾವ್ಳೆ! ಮನೇಲಿ ಮಲ್ಕೊಂಡು ಹಳೇ ಫೋಟೋ ಕಳ್ಸೋದು, ಸಂಬಳ ಎಣಿಸ್ಕೊಳ್ಳೋದು. ಕರಿ ಅವಳನ್ನ. ಇವತ್ತೇ ಮನೆಗೆ ಕಳಿಸೋಣ."

"ಸಾರ್, ಮೋಸ ಅಲ್ಲ ಸಾರ್."

"ಮತ್ತೇನು, ಭಕ್ತೀನಾ?"

ಹೇಳದೆ ಬೇರೆ ದಾರಿ ಇರಲಿಲ್ಲ. ಹೇಳಿದರೆ ಅವಳು ಉಳಿಯುತ್ತಾಳೆ ಎಂದೇ ಅಂದುಕೊಂಡೆ. "ಹೆಂಗಸರ ವಿಷಯ ಸಾರ್. ತಿಂಗಳಲ್ಲಿ ಆ ನಾಲ್ಕು ದಿನ ತುಳಸಿ, ವೀಳ್ಯದೆಲೆ ಮುಟ್ಟಲ್ಲ ಅವರು. ಬರೀ ಎರಡೇ ಗಿಡ ನೋಡಿ. ಮಿಕ್ಕಿದ್ದೆಲ್ಲ ಅವತ್ತವತ್ತಿಂದೇ."

ಉಮಾಶಂಕರ್ ಪರದೆಯನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. "ಅಯ್ಯೋ ಇಷ್ಟೇನಾ! ನಮ್ಮಮ್ಮ ಇರೋ ತನಕ ನಮ್ಮನೇಲೂ ಇದೇ ಗೋಳು. ಹೋಗ್ಲಿ ಬಿಡು, ಪಾಪ."

ನನಗೆ ನಿರಾಳವಾಯಿತು. ಅವರು ಮಾತ್ರ ಮೌಸು ಬಿಡಲಿಲ್ಲ.

"ಜೂನ್ ಒಂಬತ್ತು. ಜುಲೈ ಏಳು. ಆಗಸ್ಟ್ ಐದು. ಸೆಪ್ಟೆಂಬರ್ ಮೂರು. ಗಡಿಯಾರ ಇದ್ದಂಗವ್ಳೆ ಕಣಮ್ಮ." ಇನ್ನೂ ಕೆಳಗೆ ಹೋದರು. ಅಕ್ಟೋಬರಿನ ಸಾಲು ಬಂತು, ಹೋಯಿತು. ನವೆಂಬರಿನದೂ ಬಂತು. ಎಲ್ಲೂ ಕೆಂಪು ಗೆರೆಯಿಲ್ಲ. ಬೆರಳು ನಿಂತಿತು.

"ಆಮೇಲೆ?" ಎಂದರು.

ಅವರ ನಗು ಎಲ್ಲೂ ಹೋಗಿರಲಿಲ್ಲ, ಮುಖದ ಮೇಲೇ ಇತ್ತು. ಆ ತಿಂಗಳುಗಳನ್ನು ಜೋಡಿಸಿದ್ದೆನೇ ಹೊರತು ನಾನು ಗಮನಿಸಿರಲೇ ಇಲ್ಲ.

"ಹಬ್ಬ ಹರಿದಿನ ಸಾರ್, ಏನೋ ಏರುಪೇರು..."

"ಎರಡು ತಿಂಗಳು ಏರುಪೇರಾ? ನನಗೂ ಮೂರು ಮಕ್ಕಳವೆ ಅಕ್ಷತ."

ಅವರ ಚಿಂತೆ ಏನೆಂದು ಇಡೀ ಬಡಾವಣೆಗೆ ಗೊತ್ತಿತ್ತು. ಹಿಂದೆ ಕೆಲಸಕ್ಕಿದ್ದ ಒಬ್ಬಳು ಐದನೇ ತಿಂಗಳಲ್ಲಿ ಒದ್ದೆ ಹುಲ್ಲಿನ ಮೇಲೆ ಜಾರಿ ಬಿದ್ದಿದ್ದಳು. ಅವಳ ಕಡೆಯವರು ಗೇಟಿನ ಮುಂದೆ ಕೂತು ಗಲಾಟೆ ಮಾಡಿ ಕೈತುಂಬ ಹಣ ತೆಗೆದುಕೊಂಡೇ ಎದ್ದದ್ದು. ಅಲ್ಲಿಂದಾಚೆಗೆ ಬಸುರಿ ಎಂದು ಗೊತ್ತಾದ ದಿನವೇ ಕೆಲಸ ಹೋಗುತ್ತಿತ್ತು. 'ರೆಸ್ಟ್ ತಗೋಳಮ್ಮ, ಹೆತ್ತು ಹಗುರಾಗಿ ಬಾ' ಎಂದು ಉಮಾಶಂಕರ್ ಮಗಳಿಗೆ ಹೇಳುವಂತೆ ಹೇಳುತ್ತಿದ್ದರು. ಹೆತ್ತು ಬಂದವರಿಗೆ ಮಾತ್ರ ಜಾಗ ಖಾಲಿ ಇರುತ್ತಿರಲಿಲ್ಲ.

"ಮುಂದಿನ ಸಲ ಇಪ್ಪತ್ತೆಂಟಕ್ಕೆ ಬರಬೇಕು" ಎಂದು ಬೆರಳೆಣಿಸಿದರು. "ಹಳೇ ಫೋಟೋ ಬಂದ್ರೆ ಸರಿ. ಇಲ್ದಿದ್ರೆ ಒಂದನೇ ತಾರೀಕು ಹೊಸಬಳು. ಅವಳ ಕಿವಿಗೆ ಹಾಕ್ಬೇಡ. ಹಾಕಿದ್ರೆ ನಿನ್ ಕುರ್ಚಿಗೂ ಇನ್ನೊಬ್ಬಳನ್ನ ನೋಡ್ಕೋತೀನಿ."

ಮರುದಿನ ಮಧ್ಯಾಹ್ನ ಪವಿತ್ರ ಕೈ ತೊಳೆಯಲು ನಲ್ಲಿಯ ಹತ್ತಿರ ಬಂದಾಗ ಹೋಗಿ ಪಕ್ಕದಲ್ಲಿ ನಿಂತೆ.

"ಎಷ್ಟು ತಿಂಗಳು?"

ಅವಳು ಬೆಚ್ಚಿ ಸುತ್ತ ನೋಡಿದಳು. "ಅಕ್ಕ, ಮೆತ್ತಗೆ! ಪಿಳ್ಳಮ್ಮಂಗೂ ಹೇಳಿಲ್ಲ. ನಿಮಗ್ಯಾರು ಹೇಳಿದ್ರು?"

"ನಿನ್ ತುಳಸಿ ಹೇಳ್ತು."

ಅವಳಿಗೆ ಅರ್ಥವಾಗಲಿಲ್ಲ. ಎಲ್ಲ ಬಿಡಿಸಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳು ನಲ್ಲಿ ನಿಲ್ಲಿಸುವುದನ್ನೇ ಮರೆತಳು. ಎಲ್ಲವನ್ನೂ ಹೇಳಿದೆನೆಂದರೆ ಸುಳ್ಳಾದೀತು. ಉಮಾಶಂಕರ್ ತಾವಾಗಿಯೇ ಕಂಡುಹಿಡಿದರು ಎಂದೆ.

"ಮೂರು ತುಂಬಿಲ್ಲ ಅಕ್ಕ. ಹಿಂದೆ ಎರಡು ನಿಲ್ಲಲಿಲ್ಲ, ಗೊತ್ತಲ್ಲ ನಿಮಗೆ. ಈ ಸಲ ಇಎಸ್‌ಐ ಆಸ್ಪತ್ರೆ ಡಾಕ್ಟ್ರಮ್ಮ ನಾಲ್ಕನೇ ತಿಂಗಳಿಗೆ ಗರ್ಭದ ಬಾಯಿಗೆ ಹೊಲಿಗೆ ಹಾಕ್ತೀನಿ, ಹೆದರ್ಬೇಡ ಅಂದವ್ರೆ. ಹೊರಗೆ ಎಷ್ಟು ಕೇಳ್ತಾರೆ ಅಂತ ವಿಚಾರಿಸಿದ್ವಿ, ನಮ್ ಕೈಲಾಗೋ ಮಾತಲ್ಲ. ಕೆಲಸ ಹೋದ್ರೆ ಇಎಸ್‌ಐ ಕಾರ್ಡೂ ಹೋಯ್ತು ಅಂತಾರೆ ನಮ್ಮೆಜಮಾನ್ರು."

"ಹೊಲಿಗೆ ಯಾವತ್ತು?"

"ಡಿಸೆಂಬರ್ ಹದಿನೈದು."

"ಹಂಗಾದ್ರೆ ಕಷ್ಟ ಇಲ್ಲ. ಇಪ್ಪತ್ತೆಂಟರಿಂದ ನಾಲ್ಕು ದಿನ ಹಳೇ ಫೋಟೋ ಕಳ್ಸು. ಮುಗೀತು."

ಪವಿತ್ರ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಂದ್ರೆ... ಆಗಿದೀನಿ ಅಂತಾನಾ?"

"ಹೂಂ. ಬರೀ ಫೋಟೋ ಕಣೇ."

"ಬ್ಯಾಡಕ್ಕ."

"ಯಾಕೆ?"

"ಹೊಟ್ಟೇಲಿ ಮಗು ಇಟ್ಕೊಂಡು ಮುಟ್ಟಾಗಿದೀನಿ ಅಂತ ಸಾರೋದಾ? ಅದೂ ತುಳಸಿ ಮುಂದೆ? ಅಂದಂಗೇ ಆಗ್ಬಿಟ್ರೆ? ಬಾ ಅಂತ ನಾನೇ ಕರೆದಂಗೆ. ಎರಡು ಸಲ ಆ ಬಟ್ಟೆ ನೋಡಿದೀನಿ ಅಕ್ಕ. ಬ್ಯಾಡ."

"ಹುಚ್ಚಿ, ಕೆಲಸ ಹೋಗುತ್ತೆ."

"ಹೋಗ್ಲಿ ಅಂತ ಹೇಳೋ ಧೈರ್ಯ ನಂಗಿಲ್ಲ. ಆದ್ರೂ ಅದೊಂದು ಬ್ಯಾಡ. ನೀವೂ ಏನೂ ಮಾಡ್ಬೇಡಿ. ನನ್ನಾಣೆ." ಒದ್ದೆ ಕೈಯಿಂದಲೇ ನನ್ನ ಕೈ ಹಿಡಿದುಕೊಂಡಳು. "ಆಣೆ ಅಕ್ಕ."

ನಾನು ಹೂಂ ಎಂದೆ.

ಇಪ್ಪತ್ತೆಂಟರ ಬೆಳಿಗ್ಗೆ ಒಂಬತ್ತೂವರೆಗೆ ಹದಿನೇಳನೇ ಮನೆಯ ತುಳಸಿ ಬಂತು. ಹೊಚ್ಚ ಹೊಸದು. ಇಬ್ಬನಿಯಿನ್ನೂ ಆರಿರಲಿಲ್ಲ. ತೆನೆ ಚಿವುಟಿದ ಕಡೆ ಎಳೆಯ ಕುಡಿಯೆರಡು ಒಡೆದಿದ್ದವು. ಎಲೆ ಮಗುಚಿದ ಅವಳ ಹೆಬ್ಬೆರಳು ಎಷ್ಟು ಹುಷಾರಾಗಿ ಹಿಡಿದಿತ್ತೆಂದರೆ ಎಲೆಗೆ ಒಂದು ಮಡಿಕೆಯೂ ಬಿದ್ದಿರಲಿಲ್ಲ.

ಸೆಪ್ಟೆಂಬರಿನ ಸಾಲಿಗೆ ಹೋಗಿ ಹಳೆಯ ಫೋಟೋವನ್ನು ಎತ್ತಿ ತಂದು ಆ ದಿನದ ಜಾಗದಲ್ಲಿಟ್ಟೆ. ಬಳ್ಳಿಯದನ್ನೂ ಹಾಗೆಯೇ ಮಾಡಿದೆ. ಅವಳು ಕಳಿಸಿದ್ದನ್ನು ಅಳಿಸಿದೆ. ನನಗೆ ಇಂಥದರಲ್ಲಿ ನಂಬಿಕೆಯಿರಲಿಲ್ಲ. ಕಂಪ್ಯೂಟರಿನೊಳಗೆ ಇರುವುದಕ್ಕೂ ಅವಳ ಹೊಟ್ಟೆಯೊಳಗೆ ಇರುವುದಕ್ಕೂ ಏನು ಸಂಬಂಧ? ಇಪ್ಪತ್ತೊಂಬತ್ತಕ್ಕೂ ಮೂವತ್ತಕ್ಕೂ ಒಂದಕ್ಕೂ ಅದನ್ನೇ ಮಾಡಿದೆ. ನಾಲ್ಕನೇ ದಿನ ಅರ್ಧ ನಿಮಿಷದ ಕೆಲಸವಾಗಿತ್ತು.

ಒಂದನೇ ತಾರೀಕು ಉಮಾಶಂಕರ್ ಬಂದು ನೋಡಿದರು. ಕೆಂಪು ಗೆರೆಗಳನ್ನು ಕಂಡು ತಲೆದೂಗಿದರು.

"ನೀನಂದಿದ್ದೇ ಸರಿ ಕಣಮ್ಮ. ಏರುಪೇರಂತೆ. ಸುಮ್ನೆ ಅನುಮಾನಪಟ್ಟೆ, ಗಟ್ಟಿ ಹುಡುಗಿ ಅವಳು." ಅಲ್ಲೇ ಕುರ್ಚಿ ಎಳೆದುಕೊಂಡು ಆರನೇ ತಾರೀಕು ಸಂಘದವರು ಮಾಡಲಿದ್ದ ತಪಾಸಣೆಯ ಕೆಲಸ ಹಂಚಿದರು. ನರ್ಸರಿಯಿಂದ ಲಾರಿಯಲ್ಲಿ ಎಪ್ಪತ್ತು ಸಿಮೆಂಟ್ ಕುಂಡ ಬರುತ್ತಿತ್ತು. ಮಣ್ಣು ತುಂಬಿದ್ದವು. ಇಬ್ಬರು ಹಿಡಿದು ಎತ್ತಿದರೂ ಸೊಂಟ ಹಿಡಿದುಕೊಳ್ಳುವಂಥವು.

"ಬರಕೋ. ಇಳಿಸೋಕೆ ಕೊಂಡಪ್ಪ, ಆ ಇನ್ನಿಬ್ರು, ಪವಿತ್ರ."

ಪೆನ್ನು ಕೈಯಲ್ಲಿ ಹಾಗೇ ನಿಂತಿತು. "ಪವಿತ್ರ ಯಾಕೆ ಸಾರ್? ಗಂಡಸರಿದ್ದಾರಲ್ಲ."

"ಇಬ್ರು ಅಯ್ಯಪ್ಪ ಮಾಲೆ ಹಾಕ್ಕೊಂಡವ್ರೆ, ರಜ. ಪಿಳ್ಳಮ್ಮನ್ನ ಹತ್ಸಿದ್ರೆ ಕುಂಡದ ಜತೆ ಅವಳನ್ನೂ ಇಳಿಸ್ಬೇಕಾಗುತ್ತೆ. ಯಾಕೆ, ಪವಿತ್ರಂಗೇನಾಗಿದೆ? ನೀನೇ ತೋರಿಸ್ದಲ್ಲ, ಏನೂ ಇಲ್ಲ ಅಂತ."

ಬರೆದುಕೊಂಡೆ.

ಮೂರನೇ ತಾರೀಕು ಲಾರಿ ಬಂತು. ಡ್ರೈವರ್ ಹಿಂಬಾಗಿಲು ಇಳಿಸುವ ಸದ್ದು ಕೋಣೆಗೆ ಕೇಳಿಸಿತು. ಐದು ನಿಮಿಷಕ್ಕೆ ಪವಿತ್ರ ಬಾಗಿಲಲ್ಲಿ ಬಂದು ನಿಂತಳು. ಉಮಾಶಂಕರ್ ಟೀ ಕುಡಿಯುತ್ತಿದ್ದರು.

"ಸಾರ್, ಕುಂಡ ಎತ್ತಾಕಾಗಲ್ಲ."

"ಯಾಕವ್ವ, ಉಗುರು ಮುರಿಯುತ್ತಾ?"

ಅವಳು ನನ್ನ ಕಡೆಗೊಮ್ಮೆ ನೋಡಿ, ನೆಲ ನೋಡಿ, ಹೇಳಿಬಿಟ್ಟಳು. "ಮೂರು ತಿಂಗಳು ಸಾರ್. ಡಾಕ್ಟ್ರು ಭಾರ ಎತ್ಬಾರದು ಅಂದವ್ರೆ. ಬೇರೆ ಏನು ಬೇಕಾದ್ರೂ ಮಾಡ್ತೀನಿ. ಹುಲ್ಲು ಕೀಳ್ತೀನಿ, ಕಸ ಗುಡಿಸ್ತೀನಿ. ಹದಿನೈದರ ತನಕ ಇರ್ಲಿ ಸಾರ್, ದಮ್ಮಯ್ಯ."

ಉಮಾಶಂಕರ್ ಲೋಟ ಕೆಳಗಿಟ್ಟರು. ಕೋಪ ಬರಲಿಲ್ಲ ಅವರಿಗೆ. ಕೋಪ ಬಂದಿದ್ದರೆ ಚೆನ್ನಾಗಿತ್ತು.

"ಅಕ್ಷತ, ಹದಿನೇಳು ತೆಗಿಯಮ್ಮ."

ತೆಗೆದೆ.

"ಬಾ ಇಲ್ಲಿ ಪವಿತ್ರ. ನೋಡು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ಒಂದು. ನಾಲ್ಕು ದಿನ ಹಳೇ ಫೋಟೋ ಕಳ್ಸಿದೀಯ. ಮುಟ್ಟಾಗಿದ್ರೆ ಮೂರು ತಿಂಗಳು ಅನ್ನೋದು ಸುಳ್ಳು. ಬಸುರಿಯಾಗಿದ್ರೆ ಈ ಫೋಟೋ ಸುಳ್ಳು. ಯಾವುದು ಅಂತ ನೀನೇ ಹೇಳ್ಬಿಡು."

ಪವಿತ್ರ ಪರದೆಯ ಹತ್ತಿರ ಬಗ್ಗಿದಳು. ತನ್ನದೇ ಬೆರಳನ್ನು ಗುರುತಿಸಲು ಅವಳಿಗೆ ಎಷ್ಟು ಹೊತ್ತು!

"ನಾನು ಹೊಸದೇ ಕಳ್ಸಿದ್ದು ಸಾರ್. ದಿನಾ ಹೊಸದೇ." ಸೊಂಟದಿಂದ ಫೋನು ತೆಗೆದು ತಡಕಾಡಿದಳು. ಅವತ್ತು ಬೆಳಿಗ್ಗೆಯ ಫೋಟೋಗಳ ಹಿಂದೆ ಏನೂ ಇರಲಿಲ್ಲ. ಎಲ್ಲ ತಾನಾಗಿ ಅಳಿಸಿಹೋಗಿತ್ತು. "ಅಕ್ಕ, ನೀವ್ ಹೇಳಿ. ನಿಮ್ಮತ್ರ ಬಂದಿತ್ತಲ್ಲ?"

ಇಬ್ಬರೂ ನನ್ನನ್ನು ನೋಡಿದರು.

ಹೊರಗೆ ಕೊಂಡಪ್ಪ ಯಾರನ್ನೋ ಬೈಯುತ್ತಿದ್ದ: "ಲೇ, ಹಿಡ್ಕೊಳ್ಲಾ, ಕಾಲ್ ಮೇಲೆ ಬಿದ್ದಾತು!" ನಾನೇ ಇಟ್ಟೆ ಸಾರ್ ಎಂದು ಹೇಳುವುದಕ್ಕೆ ಮೂರು ಮಾತು ಸಾಕಿತ್ತು. ಮಗಳ ಸ್ಕೂಲಿನ ವ್ಯಾನ್ ಮೂರೂವರೆಗೆ ಬರುತ್ತದೆ ಎನ್ನುವುದು ಆಗ ಯಾಕೆ ತಲೆಗೆ ಬಂತೋ.

"ಬಂದಿದ್ದನ್ನೇ ಹಾಕಿದೀನಿ ಸಾರ್" ಎಂದೆ.

ಪವಿತ್ರ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಅವಳ ಎಡಗೈ ಮೆಲ್ಲಗೆ ಹೊಟ್ಟೆಯ ಮೇಲೆ ಹೋಗಿ ನಿಂತಿತು. ನಲ್ಲಿಯ ಹತ್ತಿರದ ಮಾತು ಅವಳಿಗೆ ನೆನಪಾದದ್ದು ಅವಳ ಮುಖದಲ್ಲೇ ಕಂಡಿತು.

"ನಾಲ್ಕು ದಿನಾನೂ ಹಾಕಿದ್ರಾ?" ಎಂದಳು. ಉಮಾಶಂಕರ್ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ನನ್ನೊಬ್ಬಳನ್ನೇ ಕೇಳಿದಳು.

ನಾನು ಕೀಬೋರ್ಡು ನೋಡುತ್ತಿದ್ದೆ.

"ಕೆಲಸ ಹೋಗ್ಲಿ ಅಕ್ಕ. ಅದನ್ನ ಅಳಿಸಿ. ನಾನಿರೋವಾಗ್ಲೇ ಅಳಿಸಿ. ನಿಮ್ ಕಾಲಿಗೆ ಬೀಳ್ತೀನಿ."

"ಏಯ್, ಅಳಿಸೋದೇನು?" ಉಮಾಶಂಕರ್ ಎದ್ದರು. "ನಾಳೆ ಗಂಡನ್ನ ಕರ್ಕೊಂಡು ಬಂದು ಗೇಟಲ್ಲಿ ಕೂತ್ರೆ ನನ್ ಕೈಲಿ ಏನಿರುತ್ತೆ? ಹೋಗವ್ವ, ಹೋಗು. ದುಡಿದಷ್ಟು ದಿನದ್ದು ಬ್ಯಾಂಕಿಗೆ ಬರುತ್ತೆ. ರೆಸ್ಟ್ ತಗೋ."

ಅವಳು ಹೋಗಲಿಲ್ಲ. ಮೇಜಿನಂಚು ಹಿಡಿದು ಅಲ್ಲೇ ನಿಂತು ಅಳಿಸಿ ಅಕ್ಕ, ಅಳಿಸಿ ಅಕ್ಕ ಎನ್ನುತ್ತಲೇ ಇದ್ದಳು. ಕೊನೆಗೆ ಪಿಳ್ಳಮ್ಮ ಬಂದು ಭುಜ ಬಳಸಿ ಕರೆದುಕೊಂಡು ಹೋದಳು. ಲಾರಿಯ ಪಕ್ಕದಿಂದಲೇ ಹೋದರು. ಕುಂಡ ಇಳಿಸುತ್ತಿದ್ದವರು ದಾರಿ ಬಿಟ್ಟು ನಿಂತರು.

ಉಮಾಶಂಕರ್ ತಣ್ಣಗಾದ ಟೀಯನ್ನು ಬಾಗಿಲಾಚೆ ಚೆಲ್ಲಿದರು. "ಬಸುರಿ ಅಂತ ತೆಗೆದ್ರೆ ಕಾನೂನು ಗೀನೂನು ಅಂತ ಬರ್ತಾರೆ. ಸುಳ್ಳು ಫೋಟೋ ಅಂತ ತೆಗೆದ್ರೆ ಯಾವನೂ ಕೇಳಲ್ಲ. ಒಳ್ಳೇ ಕೆಲಸ ಮಾಡ್ದೆ ಕಣಮ್ಮ, ಗಿಡದ ಪ್ರಕಾರ ಜೋಡಿಸಿ. ಆ ನಾಲ್ಕನ್ನೂ ಬೇರೆ ಫೋಲ್ಡರಲ್ಲಿ ಇಟ್ಟಿರು."

ಅವಳ ಹೆಸರಿನಲ್ಲೇ ಒಂದು ಫೋಲ್ಡರ್ ಮಾಡಿ ಇಟ್ಟೆ.

ತಪಾಸಣೆ ಚೆನ್ನಾಗಿ ನಡೆಯಿತು. ಗಿಡಗಳ ಸಾಲು ನೋಡಿ ಸಂಘದವರು ಬಾಯಿತುಂಬ ಹೊಗಳಿ, ಎರಡು ವರ್ಷಕ್ಕೆ ಸಹಿ ಹಾಕಿದರು. ಹದಿನೇಳನೇ ಮನೆಯನ್ನು ಸದ್ಯಕ್ಕೆ ಪಿಳ್ಳಮ್ಮನಿಗೆ ವಹಿಸಿದ್ದರು. ಅವಳ ಫೋಟೋಗಳೆಲ್ಲ ಅಲುಗಿಹೋಗಿರುತ್ತಿದ್ದವು.

ಹದಿಮೂರನೇ ತಾರೀಕು ಪಿಳ್ಳಮ್ಮ ಕೋಣೆಗೆ ಬಂದಳು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

"ಪವಿತ್ರನ್ನ ನೋಡ್ಕೊಂಡು ಬಂದೆ ಕಣವ್ವ. ಹಾಸಿಗೆ ಬಿಟ್ಟು ಏಳಂಗಿಲ್ಲ. ಮೊನ್ನೆಯಿಂದ ಸ್ವಲ್ಪ ಸ್ವಲ್ಪ ಕಾಣಿಸ್ಕೊಂತಾ ಐತಂತೆ. ಕಾರ್ಡ್ ನಡೀತದಾ ಇಲ್ವಾ ಅಂತ ಗಂಡ ಆಸ್ಪತ್ರೆಗೂ ಮನೆಗೂ ತಿರುಗ್ತಾವ್ನೆ."

ನಾನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದೆ.

"ಬೇರೇನೂ ಕೇಳ್ಲಿಲ್ಲ ಆ ಹುಡುಗಿ. ಅದೊಂದು ಅಳಿಸಿದ್ರಾ ಅಂತ ಕೇಳ್ಕೊಂಡು ಬಾ ಅಂದ್ಲು. ಅದೇನು ಅಂತ ನಂಗೊತ್ತಿಲ್ಲ. ಏನ್ ಹೇಳ್ಲಿ?"

ಫೋಲ್ಡರ್ ಪರದೆಯ ಎಡಮೂಲೆಯಲ್ಲೇ ಇತ್ತು. ಒಂದು ಸಲ ಒತ್ತಿದರೆ ಮುಗಿಯುತ್ತಿತ್ತು. ಉಮಾಶಂಕರ್ ಆಗಾಗ ಅದನ್ನು ತೆಗೆದು, ಇದೆಯೇ ಎಂದು ನೋಡಿ ಹೋಗುತ್ತಿದ್ದರು.

"ಅವತ್ತೇ ಅಳಿಸಿಬಿಟ್ರಂತೆ ಅಂತ ಹೇಳಿ" ಎಂದೆ.